ಕೆಲೆಟಿ, ಆಗ್ನೆಸ್ (1921–2025)

ಆಗ್ನೆಸ್ ಕೆಲೆಟಿ ಹಂಗೇರಿಯ ಯಹೂದಿ ಜಿಮ್ನಾಸ್ಟ್ ಹಾಗೂ ತರಬೇತುದಾರರು. 1952ರ ಹೆಲ್ಸಿಂಕಿ ಮತ್ತು 1956ರ ಮೆಲ್ಬರ್ನ್ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ 5 ಚಿನ್ನ, 3 ಬೆಳ್ಳಿ ಮತ್ತು 2 ಕಂಚು, ಒಟ್ಟು 10 ಪದಕಗಳನ್ನು ಗೆದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಂಗೇರಿಯ ಯಹೂದಿಗಳ ಮೇಲೆ ನಡೆದ ದಮನ ಮತ್ತು ಹತ್ಯಾಕಾಂಡದಿಂದ ಹುಸಿ ಗುರುತಿನ ಪತ್ರದ ನೆರವಿನಿಂದ ಪಾರಾದರು. ಒಲಿಂಪಿಕ್ಸ್‌ಗೆ ಮೊದಲ ಬಾರಿ ಇಳಿದಾಗ ಇವರಿಗೆ 31 ವರ್ಷ. 35ನೆಯ ವಯಸ್ಸಿನಲ್ಲಿ ಒಂದೇ ಕೂಟದಲ್ಲಿ 4 ಚಿನ್ನ ಗೆದ್ದರು. 1957ರಿಂದ ಇಸ್ರೇಲ್‌ನಲ್ಲಿ ನೆಲೆಸಿ ಆ ದೇಶದಲ್ಲಿ ಸ್ಪರ್ಧಾತ್ಮಕ ಜಿಮ್ನಾಸ್ಟಿಕ್ಸ್ ಬೆಳೆಸಿದರು. 2019ರಿಂದ ಮರಣದವರೆಗೆ ಜಗತ್ತಿನಲ್ಲಿ ಜೀವಂತವಿದ್ದ ಅತಿ ಹಿರಿಯ ಒಲಿಂಪಿಕ್ ಚಾಂಪಿಯನ್ ಇವರೇ ಆಗಿದ್ದರು.

ಹುಟ್ಟು ಮತ್ತು ಬಾಲ್ಯ

ಕೆಲೆಟಿ 1921ರ ಜನವರಿ 9ರಂದು ಬುಡಾಪೆಸ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ಹುಟ್ಟಿದಾಗಿನ ಹೆಸರು ಆಗ್ನೆಸ್ ಕ್ಲೈನ್. ಜರ್ಮನ್ ಮೂಲದ ಈ ಮನೆತನದ ಹೆಸರನ್ನು ಬಿಟ್ಟು ಮುಂದೆ ಕೆಲೆಟಿ ಎಂಬ ಹಂಗೇರಿಯನ್ ಹೆಸರನ್ನು ಇಟ್ಟುಕೊಂಡರು. ಆ ಕಾಲದ ಹಂಗೇರಿಯ ಯಹೂದಿಗಳಲ್ಲಿ ಹೀಗೆ ಹೆಸರು ಬದಲಿಸಿಕೊಳ್ಳುವುದು ವ್ಯಾಪಕವಾಗಿತ್ತು. ಇವರಿಗೆ ಒಬ್ಬ ಸಹೋದರಿ ಇದ್ದರು.

ನಾಲ್ಕನೆಯ ವಯಸ್ಸಿನಲ್ಲೇ ಜಿಮ್ನಾಸ್ಟಿಕ್ಸ್ ಅಭ್ಯಾಸ ಶುರುವಾಯಿತು. ಜೊತೆಗೆ ಚೆಲ್ಲೊ ವಾದನವನ್ನೂ ಕಲಿತರು. ಚೆಲ್ಲೊ ಇವರಿಗೆ ಬರಿಯ ಹವ್ಯಾಸವಾಗಿ ಉಳಿಯಲಿಲ್ಲ; ಯುದ್ಧ ಮುಗಿದ ಮೇಲೆ ಕೆಲಕಾಲ ವೃತ್ತಿವಾದಕಿಯಾಗಿಯೂ ದುಡಿದರು.

ಕ್ರೀಡಾ ಜೀವನದ ಆರಂಭ

ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಹಂಗೇರಿ ಜಿಮ್ನಾಸ್ಟಿಕ್ಸ್‌ನಲ್ಲಿ ಮುಂಚೂಣಿಯಲ್ಲಿದ್ದ ದೇಶ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿಗೆ ಸ್ಪರ್ಧೆ ಏರ್ಪಟ್ಟದ್ದು 1934ರಲ್ಲಿ, ಬುಡಾಪೆಸ್ಟ್‌ನಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ಮಹಿಳಾ ತಂಡ ಕಂಚು ಗೆದ್ದಿತು.

ಕೆಲೆಟಿ ಬುಡಾಪೆಸ್ಟ್‌ನ ಯಹೂದಿ ಕ್ರೀಡಾಸಂಸ್ಥೆಯಾದ ವಿ.ಎ.ಸಿ. ಕ್ಲಬ್ಬಿನಲ್ಲಿ ಪಳಗಿದರು. 1906ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬು ಫೆನ್ಸಿಂಗ್, ಅಥ್ಲೆಟಿಕ್ಸ್, ಫುಟ್‌ಬಾಲ್ ಮುಂತಾದ ಆಟಗಳಲ್ಲಿ ಹೆಸರು ಮಾಡಿತ್ತು. 1937ರಲ್ಲಿ, 16ನೆಯ ವಯಸ್ಸಿನಲ್ಲಿ, ಕೆಲೆಟಿ ರಾಷ್ಟ್ರೀಯ ಚಾಂಪಿಯನ್ ಆದರು. ಅಲ್ಲಿಂದ 1956ರವರೆಗೆ ಒಟ್ಟು 10 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು.

1940ರ ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲಬಲ್ಲವರೆಂದು ಇವರನ್ನು ಗುರುತಿಸಲಾಗಿತ್ತು. ಆ ಕೂಟ ಮೊದಲು ಟೋಕಿಯೊಗೂ ಬಳಿಕ ಹೆಲ್ಸಿಂಕಿಗೂ ನಿಗದಿಯಾಗಿ, ಯುದ್ಧದ ಕಾರಣ ರದ್ದಾಯಿತು. ಲಂಡನ್‌ಗೆ ನಿಗದಿಯಾಗಿದ್ದ 1944ರ ಕೂಟವೂ ನಡೆಯಲಿಲ್ಲ. ಈ ಎರಡು ಕೂಟಗಳ ವೇಳೆಗೆ ಕೆಲೆಟಿಯವರ ವಯಸ್ಸು ಕ್ರಮವಾಗಿ 19 ಮತ್ತು 23.

ಯಹೂದಿ ವಿರೋಧಿ ಕಾನೂನುಗಳು

ಹಂಗೇರಿಯಲ್ಲಿ ಯಹೂದಿಗಳ ಮೇಲಿನ ಕಾನೂನಾತ್ಮಕ ನಿರ್ಬಂಧಗಳು ಜರ್ಮನ್ ಆಕ್ರಮಣಕ್ಕೆ ಬಹಳ ಮೊದಲೇ ಆರಂಭವಾಗಿದ್ದವು. 1920ರ ಕಾಯಿದೆ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣಕ್ಕೆ ಮಿತಿ ಹಾಕಿತು. 1938ರ ಕಾಯಿದೆ ವಕೀಲಿ, ವೈದ್ಯಕೀಯ, ಪತ್ರಿಕೋದ್ಯಮ ಮುಂತಾದ ವೃತ್ತಿಗಳಲ್ಲಿ ಯಹೂದಿಗಳ ಪಾಲನ್ನು ಶೇ. 20ಕ್ಕೆ ಇಳಿಸಿತು, 1939ರ ಕಾಯಿದೆ ಅದನ್ನು ಶೇ. 6ಕ್ಕೆ ತಂದಿತು. 1941ರ ಕಾಯಿದೆ ಯಹೂದಿಗಳು ಮತ್ತು ಯಹೂದಿಯೇತರರ ನಡುವಿನ ವಿವಾಹವನ್ನು ನಿಷೇಧಿಸಿತು. ಯಹೂದಿ ಪುರುಷರನ್ನು ಸೈನ್ಯದ ಆಯುಧರಹಿತ ದುಡಿಮೆಯ ತುಕಡಿಗಳಿಗೆ ಸೇರಿಸಲಾಯಿತು.

ಕ್ರೀಡಾರಂಗವೂ ಇದಕ್ಕೆ ಹೊರತಾಗಲಿಲ್ಲ. 1941ರಲ್ಲಿ ಆರ್ಯೇತರರೆಂಬ ಕಾರಣ ಕೊಟ್ಟು ಕೆಲೆಟಿಯವರನ್ನು ಅವರ ಜಿಮ್ನಾಸ್ಟಿಕ್ಸ್ ಕ್ಲಬ್ಬಿನಿಂದ ಹೊರಹಾಕಲಾಯಿತು. ಅದೇ ವರ್ಷ ಈಜುಗಾರ್ತಿ ಏವಾ ಸೇಕೆಯಿ ಕೂಡ ತಮ್ಮ ಕ್ಲಬ್ಬಿನಿಂದ ಹೊರಬೀಳಬೇಕಾಯಿತು. ಕ್ಲಬ್ಬಿನ ಸದಸ್ಯತ್ವವಿಲ್ಲದೆ ಅಧಿಕೃತ ಸ್ಪರ್ಧೆಗೆ ದಾರಿಯಿರಲಿಲ್ಲ. ಹೀಗಾಗಿ ಯುದ್ಧ ಮುಗಿಯುವವರೆಗೆ ಕೆಲೆಟಿ ಸ್ಪರ್ಧೆಗಳಿಂದ ದೂರವೇ ಉಳಿದರು.

1944–45: ಅಜ್ಞಾತವಾಸ

1944ರ ಮಾರ್ಚ್ 19ರಂದು ಜರ್ಮನಿ ತನ್ನ ಮಿತ್ರರಾಷ್ಟ್ರವೇ ಆಗಿದ್ದ ಹಂಗೇರಿಯನ್ನು ಆಕ್ರಮಿಸಿತು. ಏಪ್ರಿಲ್ 5ರಿಂದ ಯಹೂದಿಗಳು ಉಡುಪಿನ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. ಮೇ 15ರಿಂದ ಜುಲೈ 9ರವರೆಗಿನ ಎಂಟು ವಾರಗಳಲ್ಲಿ ಸುಮಾರು 4,37,000 ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಗಡೀಪಾರು ಮಾಡಲಾಯಿತು. ಇವರಲ್ಲಿ ಬಹುಪಾಲು ಜನರನ್ನು ಕೊಂಡೊಯ್ದದ್ದು ಆಶ್‌ವಿಟ್ಜ್‌ಗೆ. ಮೊದಲು ಗ್ರಾಮೀಣ ಪ್ರಾಂತ್ಯಗಳನ್ನು ಖಾಲಿ ಮಾಡಿಸಲಾಯಿತು. ರಾಜಧಾನಿಯ ಸರದಿ ಬರುವ ಮುನ್ನ ರಾಜಪ್ರತಿನಿಧಿ ಮಿಕ್ಲೋಶ್ ಹೋರ್ಟಿ ಗಡೀಪಾರನ್ನು ನಿಲ್ಲಿಸಿದ್ದರಿಂದ ಬುಡಾಪೆಸ್ಟ್‌ನ ಯಹೂದಿಗಳಲ್ಲಿ ಅನೇಕರು ಆ ಹಂತದಲ್ಲಿ ಉಳಿದುಕೊಂಡರು. ಅಕ್ಟೋಬರ್ 15ರಂದು ಆ್ಯರೊ ಕ್ರಾಸ್ ಎಂಬ ಫ್ಯಾಸಿಸ್ಟ್ ಪಕ್ಷ ಅಧಿಕಾರ ಕಸಿದುಕೊಂಡಿತು. ಆ ಮೇಲೆ ನಗರದಲ್ಲಿ ಯಹೂದಿಗಳನ್ನು ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ನಿಲ್ಲಿಸಿ ಗುಂಡಿಕ್ಕಿ ನದಿಗೆ ತಳ್ಳುವ ಕೃತ್ಯಗಳು ನಡೆದವು.

ಮದುವೆಯಾದ ಹೆಂಗಸರನ್ನು ದುಡಿಮೆಯ ಶಿಬಿರಗಳಿಗೆ ಒಯ್ಯುವುದಿಲ್ಲ ಎಂಬ ವದಂತಿ 1944ರಲ್ಲಿ ಹಬ್ಬಿತ್ತು. ಇದನ್ನು ನಂಬಿ ಕೆಲೆಟಿ ಅದೇ ವರ್ಷ ಜಿಮ್ನಾಸ್ಟ್ ಇಶ್ತ್ವಾನ್ ಶಾರ್ಕಾನ್ ಅವರನ್ನು ವಿವಾಹವಾದರು. ಶಾರ್ಕಾನ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯನ್ನು ಪ್ರತಿನಿಧಿಸಿದ್ದವರು. ಇಬ್ಬರೂ ಯುದ್ಧದಿಂದ ಪಾರಾದರು. 1950ರಲ್ಲಿ ವಿಚ್ಛೇದನ ಪಡೆದರು.

ಕೆಲೆಟಿಯವರ ಪ್ರಾಣ ಉಳಿಸಿದ್ದು ಕ್ರೈಸ್ತ ಯುವತಿಯೊಬ್ಬಳ ಗುರುತಿನ ಪತ್ರ. ಅದನ್ನು ಹಣ ಕೊಟ್ಟು ಪಡೆದು, ಆಕೆಯ ಹೆಸರಿನಲ್ಲಿ ಬುಡಾಪೆಸ್ಟ್ ಬಿಟ್ಟು, ಡ್ಯಾನ್ಯೂಬ್ ಬಳಿಯ ಸಾಲ್ಕ್‌ಸೆಂಟ್‌ಮಾರ್ಟನ್ ಎಂಬ ಹಳ್ಳಿಯಲ್ಲಿ ಮನೆಗೆಲಸದವಳಾಗಿ ಸೇರಿಕೊಂಡರು. ಇಂಥ ಪತ್ರ ಹಿಡಿದು ಬದುಕುವವರು ಹೆಸರು, ಊರು, ತಂದೆತಾಯಿ, ಧರ್ಮ ಎಲ್ಲವನ್ನೂ ಪತ್ರದಲ್ಲಿದ್ದಂತೆಯೇ ಹೇಳಬೇಕಾಗಿತ್ತು. ಗುರುತು ಬಯಲಾದರೆ ಶಿಕ್ಷೆ ಗಡೀಪಾರು ಅಥವಾ ಮರಣ.

1944ರ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಬುಡಾಪೆಸ್ಟ್‌ಗೆ ಮುತ್ತಿಗೆ ಹಾಕಿತು. 1945ರ ಫೆಬ್ರವರಿ 13ರಂದು ನಗರ ಶರಣಾಯಿತು. ಆ ಚಳಿಗಾಲದಲ್ಲಿ ಕೆಲೆಟಿ ಬೆಳಗಿನ ಹೊತ್ತು ಸತ್ತವರ ಹೆಣಗಳನ್ನು ಒಟ್ಟುಗೂಡಿಸಿ ಸಾಮೂಹಿಕ ಗುಂಡಿಗಳಿಗೆ ಸೇರಿಸುವ ಕೆಲಸ ಮಾಡಿದರು.

ಇವರ ತಂದೆ ಹಾಗೂ ಹಲವು ಬಂಧುಗಳನ್ನು ಆಶ್‌ವಿಟ್ಜ್‌ನಲ್ಲಿ ಕೊಲ್ಲಲಾಯಿತು. ತಾಯಿ ಮತ್ತು ಸಹೋದರಿ ಸ್ವೀಡನ್ನಿನ ರಾಜತಾಂತ್ರಿಕ ರೌಲ್ ವಾಲೆನ್‌ಬರ್ಗ್ ಅವರ ನೆರವಿನಿಂದ ಬದುಕಿಕೊಂಡರು. 1944ರ ಜುಲೈನಲ್ಲಿ ಬುಡಾಪೆಸ್ಟ್‌ಗೆ ಬಂದ ವಾಲೆನ್‌ಬರ್ಗ್ ಸಾವಿರಾರು ಯಹೂದಿಗಳಿಗೆ ಸ್ವೀಡನ್ನಿನ ರಕ್ಷಣಾಪತ್ರ ಕೊಟ್ಟು, ಆ ದೇಶದ ಧ್ವಜವಿರುವ ಮನೆಗಳಲ್ಲಿ ಅವರನ್ನು ಇರಿಸಿದ್ದರು. ಯುದ್ಧಕಾಲದಲ್ಲಿ ಹತರಾದ ಹಂಗೇರಿಯ ಯಹೂದಿಗಳ ಸಂಖ್ಯೆ ಐದೂವರೆ ಲಕ್ಷಕ್ಕೂ ಹೆಚ್ಚು.

ಸ್ಪರ್ಧೆಗೆ ಮರಳಿಕೆ

ಯುದ್ಧ ಮುಗಿದ ಕೂಡಲೇ ಕೆಲೆಟಿ ಮತ್ತೆ ಅಭ್ಯಾಸ ಆರಂಭಿಸಿದರು. 1946ರಲ್ಲಿ ಅನ್‌ಈವನ್ ಬಾರ್ಸ್ ವಿಭಾಗದಲ್ಲಿ ಹಂಗೇರಿಯ ಚಾಂಪಿಯನ್ ಆದರು. 1947ರಲ್ಲಿ ಮಧ್ಯ ಯುರೋಪ್ ಜಿಮ್ನಾಸ್ಟಿಕ್ಸ್ ಪ್ರಶಸ್ತಿ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆಯಾದರೂ ಸ್ಪರ್ಧೆಗೆ ಮುನ್ನ ಪಾದದ ಕೀಲಿನ ಅಸ್ಥಿರಜ್ಜು ಹರಿದ ಕಾರಣ ಕಣಕ್ಕಿಳಿಯಲಾಗಲಿಲ್ಲ. ಅಲ್ಲಿ ಹಂಗೇರಿಯ ಮಹಿಳಾ ತಂಡ ಚೆಕೊಸ್ಲೊವಾಕಿಯಾದ ನಂತರ ಎರಡನೆಯ ಸ್ಥಾನ ಪಡೆಯಿತು. 1949ರ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಕೆಲೆಟಿ 4 ಚಿನ್ನ, 1 ಬೆಳ್ಳಿ, 1 ಕಂಚು ಗೆದ್ದರು. ರದ್ದಾದ ಎರಡು ಕೂಟ, ಗಾಯದಿಂದ ತಪ್ಪಿದ ಒಂದು ಕೂಟ ಕಳೆದು ಇವರು ಒಲಿಂಪಿಕ್ ಕಣಕ್ಕೆ ಬಂದದ್ದು ಮೊದಲ ರಾಷ್ಟ್ರೀಯ ಪ್ರಶಸ್ತಿಯ 15 ವರ್ಷಗಳ ನಂತರ.

ಅಂದಿನ ಮಹಿಳಾ ಜಿಮ್ನಾಸ್ಟಿಕ್ಸ್‌ನ ಸ್ವರೂಪ

ಕೆಲೆಟಿಯವರ ಪದಕಗಳನ್ನು ತಿಳಿಯಲು ಆ ಕಾಲದ ಸ್ಪರ್ಧಾಕ್ರಮದ ಪರಿಚಯ ಅಗತ್ಯ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಜಿಮ್ನಾಸ್ಟಿಕ್ಸ್ 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಆರಂಭವಾದರೂ 1948ರವರೆಗೆ ತಂಡ ಸ್ಪರ್ಧೆ ಮಾತ್ರ ಇತ್ತು. ವೈಯಕ್ತಿಕ ಪದಕಗಳು ಬಂದದ್ದು 1952ರಲ್ಲಿ. ಅಂದಿನ ವಿಭಾಗಗಳು ಇವು:

ವಾಲ್ಟ್: ಓಡಿ ಬಂದು, ಚಿಮ್ಮುಹಲಗೆಯ ಮೇಲಿಂದ ನೆಗೆದು, ಕುದುರೆ ಎಂದು ಕರೆಯುವ ಸಾಧನದ ಮೇಲೆ ಕೈಯೂರಿ ದಾಟುವುದು.

ಅನ್‌ಈವನ್ ಬಾರ್ಸ್: ಒಂದು ಎತ್ತರದಲ್ಲೂ ಇನ್ನೊಂದು ತಗ್ಗಿನಲ್ಲೂ ಇರುವ ಎರಡು ಅಡ್ಡಕಂಬಿಗಳ ಮೇಲಿನ ಸಾಹಸ. ಪುರುಷರ ಪ್ಯಾರಲಲ್ ಬಾರ್ಸ್‌ನ ಒಂದು ಕಂಬಿಯನ್ನು ಎತ್ತರಿಸಿದ್ದರಿಂದ ಹುಟ್ಟಿದ ಸಾಧನ ಇದು.

ಬ್ಯಾಲೆನ್ಸ್ ಬೀಮ್: 5 ಮೀಟರ್ ಉದ್ದ, 10 ಸೆಂ.ಮೀ. ಅಗಲದ ತೊಲೆಯ ಮೇಲೆ ಸಮತೋಲ ಕಾಯ್ದುಕೊಂಡು ಮಾಡುವ ವ್ಯಾಯಾಮ.

ಫ್ಲೋರ್ ಎಕ್ಸರ್‌ಸೈಸ್: 12 ಮೀಟರ್ ಚೌಕದ ನೆಲದ ಮೇಲೆ ಲಾಗ, ನೆಗೆತ ಮತ್ತು ನೃತ್ಯದ ಚಲನೆಗಳನ್ನು ಹೆಣೆದು ಮಾಡುವ ವ್ಯಾಯಾಮ.

ಕೈಸಾಧನ ತಂಡ ವ್ಯಾಯಾಮ: ತಂಡದ ಎಲ್ಲರೂ ಒಟ್ಟಾಗಿ, ಕೈಯಲ್ಲಿ ಹಿಡಿಯುವ ಸಾಧನಗಳೊಂದಿಗೆ ನೀಡುವ ಲಯಬದ್ಧ ಪ್ರದರ್ಶನ. ಒಲಿಂಪಿಕ್ಸ್‌ನಲ್ಲಿ ಇದು ಇದ್ದದ್ದು 1952 ಮತ್ತು 1956ರಲ್ಲಿ ಮಾತ್ರ. ಇಂದಿನ ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಗುಂಪು ಸ್ಪರ್ಧೆಗೆ ಇದು ಪೂರ್ವರೂಪ.

ಮೊದಲ ನಾಲ್ಕು ವಿಭಾಗಗಳಲ್ಲಿ ಪ್ರತಿ ಸ್ಪರ್ಧಿಯೂ ಎಲ್ಲರಿಗೂ ಸಮಾನವಾದ ಒಂದು ಕಡ್ಡಾಯ ವ್ಯಾಯಾಮವನ್ನೂ ತಾನೇ ಸಂಯೋಜಿಸಿದ ಒಂದು ಐಚ್ಛಿಕ ವ್ಯಾಯಾಮವನ್ನೂ ಮಾಡಬೇಕಿತ್ತು. ಪ್ರತಿಯೊಂದಕ್ಕೂ ಗರಿಷ್ಠ 10 ಅಂಕ. ಆದ್ದರಿಂದ ಒಂದು ಸಾಧನಕ್ಕೆ 20, ನಾಲ್ಕೂ ಸೇರಿದ ಆಲ್‌ರೌಂಡ್ ವಿಭಾಗಕ್ಕೆ 80 ಅಂಕ. ಇಂದಿನಂತೆ ಪ್ರತಿ ಸಾಧನಕ್ಕೂ ಪ್ರತ್ಯೇಕ ಫೈನಲ್ ಇರಲಿಲ್ಲ. ಅದೇ ಅಂಕಗಳ ಮೊತ್ತದಿಂದಲೇ ತಂಡ, ಆಲ್‌ರೌಂಡ್ ಮತ್ತು ಸಾಧನವಾರು ಪದಕಗಳು ನಿರ್ಧಾರವಾಗುತ್ತಿದ್ದವು. ಒಲಿಂಪಿಕ್ಸ್‌ನಲ್ಲಿ ಸಾಧನವಾರು ಪ್ರತ್ಯೇಕ ಫೈನಲ್‌ಗಳು 1960ರಿಂದ ಜಾರಿಗೆ ಬಂದವು.

ಹೆಲ್ಸಿಂಕಿ, 1952

ಹೆಲ್ಸಿಂಕಿ ಒಲಿಂಪಿಕ್ಸ್ 1952ರ ಜುಲೈ 19ರಿಂದ ಆಗಸ್ಟ್ 3ರವರೆಗೆ ನಡೆಯಿತು. ಸೋವಿಯತ್ ಒಕ್ಕೂಟ ಭಾಗವಹಿಸಿದ ಮೊದಲ ಒಲಿಂಪಿಕ್ಸ್ ಇದು. ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ಆ ದೇಶದ ಮೇಲುಗೈ ಶುರುವಾದದ್ದೂ ಇಲ್ಲಿಂದಲೇ.

ಕೆಲೆಟಿ ಫ್ಲೋರ್ ಎಕ್ಸರ್‌ಸೈಸ್‌ನಲ್ಲಿ ಚಿನ್ನ ಗೆದ್ದರು. ಸೋವಿಯತ್ ಒಕ್ಕೂಟದ ಮಾರಿಯಾ ಗೊರೊಖೊವ್‌ಸ್ಕಾಯಾ ಬೆಳ್ಳಿ, ಹಂಗೇರಿಯವರೇ ಆದ ಮಾರ್ಗಿಟ್ ಕೊರೊಂಡಿ ಕಂಚು ಪಡೆದರು. ಅನ್‌ಈವನ್ ಬಾರ್ಸ್‌ನಲ್ಲಿ ಕೊರೊಂಡಿಗೆ ಚಿನ್ನ, ಕೆಲೆಟಿಗೆ ಕಂಚು. ತಂಡ ಸ್ಪರ್ಧೆಯಲ್ಲಿ ಹಂಗೇರಿ ಸೋವಿಯತ್ ಒಕ್ಕೂಟದ ನಂತರ ಬೆಳ್ಳಿಯನ್ನೂ, ಕೈಸಾಧನ ತಂಡ ವ್ಯಾಯಾಮದಲ್ಲಿ ಸ್ವೀಡನ್ ಮತ್ತು ಸೋವಿಯತ್ ಒಕ್ಕೂಟದ ನಂತರ ಕಂಚನ್ನೂ ಗಳಿಸಿತು. ಈ ಕೂಟದಲ್ಲಿ 2 ಚಿನ್ನ, 5 ಬೆಳ್ಳಿ ಗೆದ್ದ ಗೊರೊಖೊವ್‌ಸ್ಕಾಯಾ ಕೂಡ ಯಹೂದಿ. ಮುಂದೆ ಅವರೂ ಇಸ್ರೇಲ್‌ಗೆ ವಲಸೆ ಹೋದರು.

ಒಟ್ಟು ಪದಕಪಟ್ಟಿಯಲ್ಲಿ ಹಂಗೇರಿ 16 ಚಿನ್ನ ಸೇರಿ 42 ಪದಕಗಳೊಂದಿಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಂತರ ಮೂರನೆಯ ಸ್ಥಾನದಲ್ಲಿ ನಿಂತಿತು.

ರೋಮ್, 1954

1954ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆಲೆಟಿ ಅನ್‌ಈವನ್ ಬಾರ್ಸ್‌ನಲ್ಲಿ ಚಿನ್ನ ಗೆದ್ದರು. ಕೈಸಾಧನ ತಂಡ ವ್ಯಾಯಾಮದಲ್ಲಿ ಚಿನ್ನ, ತಂಡ ಸ್ಪರ್ಧೆಯಲ್ಲಿ ಬೆಳ್ಳಿ, ಬ್ಯಾಲೆನ್ಸ್ ಬೀಮ್‌ನಲ್ಲಿ ಕಂಚು ಅವರ ಇತರ ಪದಕಗಳು. ಮಹಿಳೆಯರ ಯುರೋಪಿಯನ್ ಚಾಂಪಿಯನ್‌ಷಿಪ್ ಆರಂಭವಾದದ್ದು 1957ರಲ್ಲಿ. ಆದ್ದರಿಂದ ಅದರ ದಾಖಲೆಗಳಲ್ಲಿ ಕೆಲೆಟಿಯವರ ಹೆಸರಿಲ್ಲ.

ಮೆಲ್ಬರ್ನ್, 1956

ಮೆಲ್ಬರ್ನ್ ಒಲಿಂಪಿಕ್ಸ್ ನವೆಂಬರ್ 22ರಂದು ಆರಂಭವಾಯಿತು. ಅದಕ್ಕೆ ಒಂದು ತಿಂಗಳು ಮೊದಲು, ಅಕ್ಟೋಬರ್ 23ರಂದು, ಬುಡಾಪೆಸ್ಟ್‌ನಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಜನರು ಬಂಡೆದ್ದಿದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿ ಬಂಡಾಯವನ್ನು ಅಡಗಿಸಿದವು. ಇದನ್ನು ಪ್ರತಿಭಟಿಸಿ ನೆದರ್‌ಲೆಂಡ್ಸ್, ಸ್ಪೇನ್ ಮತ್ತು ಸ್ವಿಟ್ಜರ್‌ಲೆಂಡ್ ಕೂಟವನ್ನು ಬಹಿಷ್ಕರಿಸಿದವು. ಹಂಗೇರಿ ಮಾತ್ರ ಸ್ಪರ್ಧಿಸಿತು. ಡಿಸೆಂಬರ್ 6ರಂದು ಹಂಗೇರಿ ಮತ್ತು ಸೋವಿಯತ್ ತಂಡಗಳ ನಡುವೆ ನಡೆದ ವಾಟರ್ ಪೋಲೊ ಪಂದ್ಯ ಹೊಡೆದಾಟದಲ್ಲಿ ಕೊನೆಗೊಂಡಿತು. ಹಂಗೇರಿ 4–0ರಿಂದ ಗೆದ್ದಿತೆಂದು ಘೋಷಿಸಲಾಯಿತು. ಜಿಮ್ನಾಸ್ಟಿಕ್ಸ್‌ನಲ್ಲೂ ಮುಖ್ಯ ಹಣಾಹಣಿ ನಡೆದದ್ದು ಇವೇ ಎರಡು ದೇಶಗಳ ನಡುವೆ.

ಕೆಲೆಟಿ ಅನ್‌ಈವನ್ ಬಾರ್ಸ್‌ನಲ್ಲಿ 18.966 ಮತ್ತು ಬ್ಯಾಲೆನ್ಸ್ ಬೀಮ್‌ನಲ್ಲಿ 18.800 ಅಂಕ ಗಳಿಸಿ ಚಿನ್ನ ಗೆದ್ದರು. ಫ್ಲೋರ್‌ನಲ್ಲಿ ಅವರೂ ಸೋವಿಯತ್ ಒಕ್ಕೂಟದ ಲಾರಿಸಾ ಲ್ಯಾಟಿನಿನಾ ಅವರೂ ತಲಾ 18.733 ಅಂಕ ಪಡೆದು ಚಿನ್ನ ಹಂಚಿಕೊಂಡರು. ವಾಲ್ಟ್‌ನಲ್ಲಿ ಮಾತ್ರ ಕೆಲೆಟಿ 23ನೆಯ ಸ್ಥಾನಕ್ಕೆ ಇಳಿದರು. ಅದೇ ವಾಲ್ಟ್‌ನಲ್ಲಿ ಲ್ಯಾಟಿನಿನಾ ಚಿನ್ನ ಗೆದ್ದರು.

ಆಲ್‌ರೌಂಡ್ ಫಲಿತಾಂಶವನ್ನು ತೀರ್ಮಾನಿಸಿದ್ದು ಈ ಒಂದು ಸಾಧನ. ಒಟ್ಟು ಅಂಕ ಲ್ಯಾಟಿನಿನಾಗೆ 74.933, ಕೆಲೆಟಿಗೆ 74.633, ಅಂತರ 0.300. ಉಳಿದ ಮೂರು ಸಾಧನಗಳ ಮೊತ್ತದಲ್ಲಿ ಕೆಲೆಟಿ ಸುಮಾರು 0.4 ಅಂಕ ಮುಂದಿದ್ದರು. ವಾಲ್ಟ್‌ನಲ್ಲಿ ಸುಮಾರು 0.7 ಅಂಕ ಹಿಂದೆ ಬಿದ್ದುದರಿಂದ ಬೆಳ್ಳಿಗೆ ನಿಲ್ಲಬೇಕಾಯಿತು. ಆಗ ಲ್ಯಾಟಿನಿನಾ ಅವರಿಗೆ 21 ವರ್ಷ, ಕೆಲೆಟಿಗೆ 35.

ಕೈಸಾಧನ ತಂಡ ವ್ಯಾಯಾಮದಲ್ಲಿ ಹಂಗೇರಿ ಸ್ವೀಡನ್ನನ್ನು ಹಿಂದಿಕ್ಕಿ ಚಿನ್ನ ಗೆದ್ದಿತು. ತಂಡ ಸ್ಪರ್ಧೆಯಲ್ಲಿ ಸೋವಿಯತ್ ಒಕ್ಕೂಟದ ನಂತರ ಬೆಳ್ಳಿ ಪಡೆಯಿತು. ಕೆಲೆಟಿ, ಮಾರ್ಗಿಟ್ ಕೊರೊಂಡಿ, ಓಲ್ಗಾ ಟಾಶ್, ಆಂಡ್ರಿಯಾ ಬೋಡೊ, ಎರ್ಜೆಬೆಟ್ ಗುಯಾಶ್ ಕೊಟೆಲೆಶ್ ಮತ್ತು ಅಲಿಜ್ ಕರ್ಟೆಸ್ ಆ ತಂಡದಲ್ಲಿದ್ದವರು.

ಕೆಲೆಟಿ 4 ಚಿನ್ನ, 2 ಬೆಳ್ಳಿ ಗೆದ್ದರೆ ಲ್ಯಾಟಿನಿನಾ 4 ಚಿನ್ನ, 1 ಬೆಳ್ಳಿ, 1 ಕಂಚು ಗೆದ್ದರು. ಹೀಗೆ ಇಡೀ ಕೂಟದ ಅತ್ಯಂತ ಯಶಸ್ವಿ ಕ್ರೀಡಾಪಟು ಎಂಬ ಸ್ಥಾನ ಕೆಲೆಟಿಯವರದಾಯಿತು. ಮೆಲ್ಬರ್ನ್‌ನಲ್ಲಿ ಹಂಗೇರಿ ಗೆದ್ದ ಒಟ್ಟು ಚಿನ್ನ 9. ಅವುಗಳಲ್ಲಿ 4ರಲ್ಲಿ ಕೆಲೆಟಿಯವರ ಪಾಲಿತ್ತು.

ರಾಜಕೀಯ ಆಶ್ರಯ ಮತ್ತು ವಲಸೆ

ಕೂಟ ಮುಗಿದ ಮೇಲೆ ಕೆಲೆಟಿ ಹಂಗೇರಿಗೆ ಮರಳಲಿಲ್ಲ. ಇವರೂ ಹಂಗೇರಿ ತಂಡದ ಇತರ 44 ಮಂದಿಯೂ ಆಸ್ಟ್ರೇಲಿಯಾದಲ್ಲಿಯೇ ಉಳಿದರು. ಇವರಿಗೆ ಅಲ್ಲಿ ರಾಜಕೀಯ ಆಶ್ರಯ ಸಿಕ್ಕಿತು. ತಂಡದ ಸಹ ಆಟಗಾರ್ತಿಯರಾದ ಕೊರೊಂಡಿ ಮತ್ತು ಬೋಡೊ ಕೂಡ ಸ್ವದೇಶಕ್ಕೆ ಹೋಗದೆ ಅಮೆರಿಕ ಸೇರಿದರು. ಕೆಲೆಟಿ ಕೆಲಕಾಲ ಆಸ್ಟ್ರೇಲಿಯಾದ ಜಿಮ್ನಾಸ್ಟ್‌ಗಳಿಗೆ ತರಬೇತಿ ನೀಡಿದರು.

1957ರಲ್ಲಿ ಇಸ್ರೇಲ್‌ಗೆ ಹೋಗಿ ಅಲ್ಲಿ ನಡೆದ ಮಕಾಬಿಯಾ ಕ್ರೀಡಾಕೂಟದಲ್ಲಿ ಪಾಲ್ಗೊಂಡರು. ಮಕಾಬಿಯಾ ಎಂಬುದು ಜಗತ್ತಿನ ಬೇರೆ ಬೇರೆ ದೇಶಗಳ ಯಹೂದಿ ಕ್ರೀಡಾಪಟುಗಳು ಸೇರುವ ಕೂಟ. ಇದು 1932ರಲ್ಲಿ ಆರಂಭವಾಯಿತು. ಕೆಲೆಟಿ ಇಸ್ರೇಲ್‌ನಲ್ಲೇ ನೆಲೆ ನಿಂತು ತಾಯಿಯನ್ನೂ ಅಲ್ಲಿಗೆ ಕರೆಸಿಕೊಂಡರು. 1959ರಲ್ಲಿ ಹಂಗೇರಿ ಮೂಲದ ದೈಹಿಕ ಶಿಕ್ಷಕರೊಬ್ಬರನ್ನು ವಿವಾಹವಾದರು. ದಂಪತಿಗೆ ಇಬ್ಬರು ಗಂಡುಮಕ್ಕಳು.

ತರಬೇತುದಾರರಾಗಿ

ಕೆಲೆಟಿ ಇಸ್ರೇಲ್‌ಗೆ ಬಂದಾಗ ಅಲ್ಲಿ ಸ್ಪರ್ಧಾತ್ಮಕ ಜಿಮ್ನಾಸ್ಟಿಕ್ಸ್ ಇನ್ನೂ ಬೇರು ಬಿಟ್ಟಿರಲಿಲ್ಲ. ಇವರು ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಬೋಧಕರಾಗಿ ಕೆಲಸ ಮಾಡಿದರು. ನೆತಾನ್ಯಾ ಬಳಿಯ ವಿಂಗೇಟ್ ಸಂಸ್ಥೆಯಲ್ಲಿ 34 ವರ್ಷ ಕಲಿಸಿದರು. 1957ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಸ್ರೇಲ್‌ನ ಪ್ರಮುಖ ಕ್ರೀಡಾ ತರಬೇತಿ ಕೇಂದ್ರ. ದೈಹಿಕ ಶಿಕ್ಷಕರನ್ನೂ ರಾಷ್ಟ್ರೀಯ ತಂಡಗಳನ್ನೂ ಇಲ್ಲಿ ಸಿದ್ಧಗೊಳಿಸಲಾಗುತ್ತದೆ.

ಇಸ್ರೇಲ್‌ನ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡಕ್ಕೆ ಕೆಲೆಟಿ 1990ರ ದಶಕದವರೆಗೂ ತರಬೇತಿ ನೀಡಿದರು. ಸ್ಪರ್ಧಿಗಳ ಜೊತೆಗೆ ಶಾಲಾ ಶಿಕ್ಷಕರನ್ನೂ ತರಬೇತುದಾರರನ್ನೂ ತಯಾರು ಮಾಡುವ ಹುದ್ದೆಯಲ್ಲಿದ್ದುದರಿಂದ ಇವರ ಪ್ರಭಾವ ರಾಷ್ಟ್ರೀಯ ತಂಡದ ಆಚೆಗೂ ಹರಡಿತು.

ಹಂಗೇರಿಗೆ ಮರಳಿಕೆ ಮತ್ತು ಕೊನೆಯ ವರ್ಷಗಳು

1956ರ ನಂತರ ಕೆಲೆಟಿ ಮೊದಲ ಬಾರಿ ಹಂಗೇರಿಗೆ ಕಾಲಿಟ್ಟದ್ದು 1983ರಲ್ಲಿ, ಬುಡಾಪೆಸ್ಟ್‌ನಲ್ಲಿ ವಿಶ್ವ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ. 2015ರಲ್ಲಿ ಬುಡಾಪೆಸ್ಟ್‌ಗೇ ಬಂದು ನೆಲೆಸಿದರು.

2019ರ ಏಪ್ರಿಲ್‌ನಲ್ಲಿ ಫಿನ್‌ಲೆಂಡ್‌ನ ಸ್ಕೀಯಿಂಗ್ ಪಟು ಲಿಡಿಯಾ ವಿಡೆಮನ್ ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದ ಬಳಿಕ ಜೀವಂತವಿದ್ದ ಅತಿ ಹಿರಿಯ ಒಲಿಂಪಿಕ್ ಚಾಂಪಿಯನ್ ಎಂಬ ಸ್ಥಾನ ಕೆಲೆಟಿಗೆ ಬಂತು. 2021ರ ಜನವರಿ 9ರಂದು ಇವರಿಗೆ 100 ವರ್ಷ ತುಂಬಿತು. ತೊಂಬತ್ತು ದಾಟಿದ ಮೇಲೂ ಎರಡೂ ಕಾಲುಗಳನ್ನು ನೆಲಕ್ಕೆ ಸಮನಾಗಿ ಚಾಚಿ ಕೂರುವ ಸ್ಪ್ಲಿಟ್ ಭಂಗಿಯನ್ನು ಮಾಡಬಲ್ಲವರಾಗಿದ್ದರು.

2024ರ ಡಿಸೆಂಬರ್ 25ರಂದು ನ್ಯುಮೋನಿಯಾದಿಂದ ಬುಡಾಪೆಸ್ಟ್‌ನ ಆಸ್ಪತ್ರೆಗೆ ದಾಖಲಾದ ಕೆಲೆಟಿ 2025ರ ಜನವರಿ 2ರಂದು, 104ನೆಯ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ ನಿಧನರಾದರು.

ಪುರಸ್ಕಾರಗಳು

1981: ಅಂತಾರಾಷ್ಟ್ರೀಯ ಯಹೂದಿ ಕ್ರೀಡಾ ಹಾಲ್ ಆಫ್ ಫೇಮ್.
1991: ಹಂಗೇರಿಯ ಕ್ರೀಡಾ ಹಾಲ್ ಆಫ್ ಫೇಮ್.
2001: ಅಂತಾರಾಷ್ಟ್ರೀಯ ಮಹಿಳಾ ಕ್ರೀಡಾ ಹಾಲ್ ಆಫ್ ಫೇಮ್.
2002: ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಹಾಲ್ ಆಫ್ ಫೇಮ್.
2004: ಹಂಗೇರಿ ಸರ್ಕಾರದ ರಾಷ್ಟ್ರದ ಕ್ರೀಡಾಪಟು ಗೌರವ.
2017: ಕ್ರೀಡಾ ವಿಭಾಗದಲ್ಲಿ ಇಸ್ರೇಲ್ ಪ್ರಶಸ್ತಿ. ಇದು ಆ ದೇಶದ ಅತ್ಯುನ್ನತ ನಾಗರಿಕ ಗೌರವಗಳಲ್ಲಿ ಒಂದು.

ಒಲಿಂಪಿಕ್ ಪದಕಗಳು

1952, ಹೆಲ್ಸಿಂಕಿ: ಚಿನ್ನ – ಫ್ಲೋರ್ ಎಕ್ಸರ್‌ಸೈಸ್, ಬೆಳ್ಳಿ – ತಂಡ ಸ್ಪರ್ಧೆ, ಕಂಚು – ಅನ್‌ಈವನ್ ಬಾರ್ಸ್, ಕೈಸಾಧನ ತಂಡ ವ್ಯಾಯಾಮ.

1956, ಮೆಲ್ಬರ್ನ್: ಚಿನ್ನ – ಫ್ಲೋರ್ ಎಕ್ಸರ್‌ಸೈಸ್, ಬ್ಯಾಲೆನ್ಸ್ ಬೀಮ್, ಅನ್‌ಈವನ್ ಬಾರ್ಸ್, ಕೈಸಾಧನ ತಂಡ ವ್ಯಾಯಾಮ, ಬೆಳ್ಳಿ – ಆಲ್‌ರೌಂಡ್, ತಂಡ ಸ್ಪರ್ಧೆ.

ಹಂಗೇರಿಯ ಕ್ರೀಡಾಪಟುಗಳಲ್ಲಿ ಕೆಲೆಟಿಯವರಂತೆ 10 ಒಲಿಂಪಿಕ್ ಪದಕ ಗೆದ್ದ ಇನ್ನೊಬ್ಬರು ಫೆನ್ಸಿಂಗ್ ಪಟು ಅಲಾದಾರ್ ಗೆರೆವಿಚ್. ಹಂಗೇರಿಯ ಮಹಿಳೆಯರಲ್ಲಿ ಇಷ್ಟು ಪದಕ ಗೆದ್ದವರು ಬೇರೆ ಇಲ್ಲ.

ಹತ್ಯಾಕಾಂಡಕ್ಕೆ ಸಿಲುಕಿದ ಇತರ ಯಹೂದಿ ಕ್ರೀಡಾಪಟುಗಳು

ಜಿಮ್ನಾಸ್ಟಿಕ್ಸ್‌ನಲ್ಲಿ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1928ರಲ್ಲಿ ಚಿನ್ನ ಗೆದ್ದ ನೆದರ್‌ಲೆಂಡ್ಸ್ ಮಹಿಳಾ ತಂಡದಲ್ಲಿ ಐವರು ಯಹೂದಿಗಳಿದ್ದರು. ಅವರಲ್ಲಿ ಎಸ್ಟೆಲ್ಲಾ ಆಗ್‌ಸ್ಟರಿಬ್ಬೆ ಆಶ್‌ವಿಟ್ಜ್‌ನಲ್ಲೂ, ಹೆಲೆನಾ ನಾರ್ಡ್‌ಹೈಮ್, ಆನಾ ಪೋಲಾಕ್ ಮತ್ತು ಯುಡಿಕ್ಯೆ ಸಿಮೋನ್ಸ್ ಸೊಬಿಬೋರ್‌ನಲ್ಲೂ 1943ರಲ್ಲಿ ಹತರಾದರು. ತರಬೇತುದಾರ ಖೆರಿಟ್ ಕ್ಲೇರೆಕೋಪರ್ ಅವರನ್ನೂ ಸೊಬಿಬೋರ್‌ನಲ್ಲಿ ಕೊಲ್ಲಲಾಯಿತು. ಉಳಿದವರು ಎಲ್ಕಾ ಡಿ ಲೆವಿ ಒಬ್ಬರೇ.

ಹಂಗೇರಿಯಲ್ಲಿ: ಒಲಿಂಪಿಕ್ ಚಾಂಪಿಯನ್ನರಾದ ಫೆನ್ಸಿಂಗ್ ಪಟುಗಳಲ್ಲಿ ಅಟ್ಟಿಲಾ ಪೆಟ್‌ಶೌವರ್ 1943ರಲ್ಲಿ ದುಡಿಮೆಯ ತುಕಡಿಯಲ್ಲಿದ್ದಾಗ ಸತ್ತರು, ಓಸ್ಕರ್ ಗೆರ್ಡೆ 1944ರಲ್ಲೂ ಯಾನೋಶ್ ಗರಾಯ್ 1945ರಲ್ಲೂ ಮಾಟ್‌ಹೌಸನ್ ಶಿಬಿರದಲ್ಲಿ ಪ್ರಾಣ ಬಿಟ್ಟರು. ಬದುಕುಳಿದ ಏವಾ ಸೇಕೆಯಿ 1952ರಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು.

ಇತರ ದೇಶಗಳಲ್ಲಿ: 1936ರಲ್ಲಿ ಸ್ಪರ್ಧಿಸಿದ್ದ ಫ್ರಾನ್ಸ್‌ನ ಈಜುಗಾರ ಆಲ್‌ಫ್ರೆಡ್ ನಕಾಶ್ ಆಶ್‌ವಿಟ್ಜ್‌ನಿಂದ ಬದುಕಿ ಬಂದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಸ್ಪರ್ಧಿಸಿದರು. ಪೋಲೆಂಡ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿ ಬುಖೆನ್‌ವಾಲ್ಡ್ ಮತ್ತು ಥೆರೆಸಿಯೆನ್‌ಸ್ಟಾಟ್ ಶಿಬಿರಗಳಲ್ಲಿದ್ದ ಬೆನ್ ಹೆಲ್ಫ್‌ಗಾಟ್ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಬ್ರಿಟನ್ನಿನ ಪರ ವೇಟ್‌ಲಿಫ್ಟಿಂಗ್‌ನಲ್ಲಿ ಭಾಗವಹಿಸಿದರು. ಬಾಲಕರಾಗಿ ಬರ್ಗೆನ್-ಬೆಲ್ಸೆನ್ ಶಿಬಿರದಿಂದ ಪಾರಾದ ಇಸ್ರೇಲ್‌ನ ನಡಿಗೆ ಸ್ಪರ್ಧಿ ಶಾವುಲ್ ಲಡಾನಿ 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್ ವೇಳೆ ಇಸ್ರೇಲ್ ತಂಡದ ಮೇಲೆ ನಡೆದ ಭಯೋತ್ಪಾದಕ ದಾಳಿಯಲ್ಲೂ ಬದುಕುಳಿದರು.

ಇಂದಿನ ಸ್ಥಿತಿ

ಕೆಲೆಟಿಯವರ ಕಾಲದ ನಂತರ ಮಹಿಳಾ ಜಿಮ್ನಾಸ್ಟಿಕ್ಸ್‌ನ ಸ್ವರೂಪ ಬಹಳ ಬದಲಾಗಿದೆ. ಕಡ್ಡಾಯ ವ್ಯಾಯಾಮಗಳನ್ನು 1996ರ ಒಲಿಂಪಿಕ್ಸ್‌ನ ಬಳಿಕ ಕೈಬಿಡಲಾಯಿತು. 10 ಅಂಕಗಳ ಗರಿಷ್ಠ ಮಿತಿ 2006ರಲ್ಲಿ ಹೋಗಿ, ಕಠಿಣತೆಗೂ ನಿರ್ವಹಣೆಗೂ ಬೇರೆ ಬೇರೆ ಅಂಕ ಕೊಡುವ ಪದ್ಧತಿ ಬಂತು. 1970ರ ದಶಕದಿಂದ ಹದಿಹರೆಯದ ಸ್ಪರ್ಧಿಗಳ ಪ್ರಾಬಲ್ಯ ಹೆಚ್ಚಿತು. ಹಿರಿಯರ ಅಂತಾರಾಷ್ಟ್ರೀಯ ಸ್ಪರ್ಧೆಗೆ ಸದ್ಯದ ಕನಿಷ್ಠ ವಯಸ್ಸು, ಆ ವರ್ಷದೊಳಗೆ 16 ತುಂಬುವುದು.

ಹಂಗೇರಿಯ ಮಹಿಳಾ ಜಿಮ್ನಾಸ್ಟಿಕ್ಸ್‌ಗೆ ಕೆಲೆಟಿಯವರ ನಂತರ ಒಲಿಂಪಿಕ್ ಚಿನ್ನ ತಂದವರು ಹೆನ್ರಿಯೆಟ್ಟಾ ಓನೊಡಿ. 1992ರ ಬಾರ್ಸಿಲೋನಾ ಕೂಟದ ವಾಲ್ಟ್‌ನಲ್ಲಿ ಅವರು ಚಿನ್ನ ಹಂಚಿಕೊಂಡರು. ಇಸ್ರೇಲ್ ಜಿಮ್ನಾಸ್ಟಿಕ್ಸ್‌ನಲ್ಲಿ ಮೊದಲ ಒಲಿಂಪಿಕ್ ಚಿನ್ನಗಳನ್ನು ಗೆದ್ದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ: ಪುರುಷರ ಫ್ಲೋರ್‌ನಲ್ಲಿ ಆರ್ಟೆಮ್ ಡೊಲ್ಗೊಪ್ಯಾಟ್, ರಿದಮಿಕ್ ಜಿಮ್ನಾಸ್ಟಿಕ್ಸ್ ಆಲ್‌ರೌಂಡ್‌ನಲ್ಲಿ ಲಿನೊಯ್ ಅಶ್ರಮ್. 2024ರ ಪ್ಯಾರಿಸ್ ಕೂಟದಲ್ಲಿ ಡೊಲ್ಗೊಪ್ಯಾಟ್ ಮತ್ತು ರಿದಮಿಕ್ ಗುಂಪು ತಂಡ ಬೆಳ್ಳಿ ಗೆದ್ದರು.

ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅತಿ ಹಿರಿಯ ಸ್ಪರ್ಧಿ ಎಂಬ ದಾಖಲೆ, 1956ರಿಂದ ಇಂದಿನವರೆಗೂ ಕೆಲೆಟಿಯವರ ಹೆಸರಿನಲ್ಲೇ ಇದೆ.